‘ಅಂತೆ’ಯ ಗೆರೆಗಳು: ಮಾತುಕತೆ, ಗಾಳಿಮಾತು ಮತ್ತು ಜಾಲನಕ್ಷೆ

ಕಾದಂಬರಿಯ ಪಾತ್ರಗಳನ್ನು ಬಿಂದುಗಳಾಗಿಯೂ ಅವರ ನಡುವಿನ ಮಾತುಕತೆಯನ್ನು ಗೆರೆಗಳಾಗಿಯೂ ಬರೆದುಕೊಂಡು, ಹಾಗೆ ಮೂಡಿದ ಜಾಲವನ್ನು ಓದುವ ವಿಧಾನವೊಂದು ಈಚಿನ ದಶಕಗಳಲ್ಲಿ ಬಳಕೆಗೆ ಬಂದಿದೆ. ಅದರ ಗಣಿತ ಹಳೆಯದು. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗಲೇ ಅದರ ಬೀಜ ಬಿದ್ದಿತ್ತು. ಸಾಹಿತ್ಯಕ್ಕೆ ಅದು ಬಂದದ್ದು ತಡವಾಗಿ. ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ 1993ರಲ್ಲಿ ಹ್ಯೂಗೋ, ಟಾಲ್‌ಸ್ಟಾಯ್, ಡಿಕನ್ಸ್ ಅವರ ಕಾದಂಬರಿಗಳಲ್ಲಿ ಯಾವ ಪಾತ್ರ ಯಾವುದರೊಡನೆ ಕಾಣಿಸಿಕೊಳ್ಳುತ್ತದೆಂಬುದನ್ನು ಪಟ್ಟಿಮಾಡಿ ಪ್ರಕಟಿಸಿದರು. 2010ರಲ್ಲಿ ಎಲ್ಸನ್, ಡೇಮ್ಸ್, ಮೆಕ್ಯೂನ್ ಎಂಬ ಮೂವರು ಹತ್ತೊಂಬತ್ತನೆಯ ಶತಮಾನದ 60 ಬ್ರಿಟಿಷ್ ಕಾದಂಬರಿಗಳ ಸಂಭಾಷಣೆಯನ್ನು ಗಣಕಯಂತ್ರದಿಂದಲೇ ಹೆಕ್ಕಿ, ಪಾತ್ರಗಳು ಹೆಚ್ಚಿದಷ್ಟೂ ಮಾತು ಕಡಿಮೆಯಾಗುತ್ತದೆಂಬ ರೂಢಿಯ ನಂಬಿಕೆಗೆ ಆಧಾರ ದೊರೆಯಲಿಲ್ಲವೆಂದು ತೋರಿಸಿದರು. ಮರುವರ್ಷ ಫ್ರಾಂಕೋ ಮೊರೆಟ್ಟಿ ‘ಹ್ಯಾಮ್ಲೆಟ್’ ನಾಟಕದ ಜಾಲವನ್ನು ಕೈಯಿಂದಲೇ ಬರೆದರು. ಒಂದೊಂದೇ ಪಾತ್ರವನ್ನು ಅಳಿಸುತ್ತ ಹೋದರೆ ಕಥೆ ಎಲ್ಲಿ ಹರಿದುಬೀಳುತ್ತದೆಂಬುದು ಅವರ ಪ್ರಶ್ನೆಯಾಗಿತ್ತು.

ಮೊರೆಟ್ಟಿಯವರ ಗೆರೆಗಳಿಗೆ ದಿಕ್ಕೂ ಇಲ್ಲ, ತೂಕವೂ ಇಲ್ಲ; ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ಇಬ್ಬರು ಒಂದು ಮಾತಾಡಿದರೂ ಗೆರೆ, ನೂರು ಮಾತಾಡಿದರೂ ಅದೇ ಗೆರೆ. ಈ ಕೊರತೆಯನ್ನು ಎಣಿಕೆಯಿಂದ ತುಂಬಬಹುದು. ಎಣಿಕೆಯಿಂದ ತುಂಬಲಾಗದ ಬೇರೊಂದು ಕೊರತೆಯೇ ನಮ್ಮ ಗಮನಕ್ಕೆ ಯೋಗ್ಯವಾದುದು. ಸಂಭಾಷಣೆಗೆ ಇಬ್ಬರು ಸಾಕು. ಗಾಳಿಮಾತಿಗೆ ಮೂವರು ಬೇಕು. ಹೇಳುವವನು, ಕೇಳುವವನು, ಎದುರಿಗಿಲ್ಲದವನು. ಎರಡು ಬಿಂದುಗಳನ್ನು ಸೇರಿಸುವ ಗೆರೆಯಲ್ಲಿ ಆ ಮೂರನೆಯವನಿಗೆ ಎಡೆಯಿಲ್ಲ. ನಮ್ಮ ಪ್ರಮುಖ ಕೃತಿಗಳಲ್ಲಿ ಕಥೆ ನಡೆಯುವುದು ಬಹುಪಾಲು ಆ ಮೂರನೆಯವನ ಸುತ್ತಲೇ.

ಇದನ್ನು ಪರೀಕ್ಷಿಸಲು ಎರಡು ಕೃತಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಒಂದು ಅನಂತಮೂರ್ತಿಯವರ ‘ಸಂಸ್ಕಾರ’ (1965). ಇನ್ನೊಂದು ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’. ಎರಡನೆಯದು ನಾಟಕವೆಂದು ಆಕ್ಷೇಪಿಸುವವರಿಗೆ ಹ್ಯಾಮ್ಲೆಟ್ ಕೂಡ ನಾಟಕವೇ ಎಂಬ ಉತ್ತರ ಸಾಕು. ತೆಲುಗು ನಾಡಿನಲ್ಲಿದ್ದು ಕನ್ನಡ ಓದಿಸುವ ನಮ್ಮಂಥವರಿಗಂತೂ ಈ ಜೋಡಿ ದೂರದ್ದಲ್ಲ. 1892ರಲ್ಲಿ ವಿಜಯನಗರಂನಲ್ಲಿ ಮೊದಲು ರಂಗವೇರಿ, 1897ರಲ್ಲಿ ಅಚ್ಚಾಗಿ, 1909ರಲ್ಲಿ ಏಳು ಅಂಕಗಳಾಗಿ ಬೆಳೆದ ಈ ನಾಟಕ ವಿಜಯನಗರಂನಲ್ಲಿ ಆರಂಭವಾಗಿ ಅಗ್ರಹಾರಗಳನ್ನು ಹಾದು ಕಡೆಗೆ ವಿಶಾಖಪಟ್ಟಣದ ವಕೀಲರ ಮನೆಗೆ ಬಂದು ನಿಲ್ಲುತ್ತದೆ. ಅದರ ಮಾತೆಲ್ಲ ಆ ಸೀಮೆಯ ಆಡುಮಾತು.

ಮೊದಲು ‘ಸಂಸ್ಕಾರ’. ಆಡಿದ ಮಾತನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರಾಣೇಶಾಚಾರ್ಯರು ಜಾಲದ ನಡುವೆ ನಿಲ್ಲುತ್ತಾರೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದುರ್ಗಾಭಟ್ಟ, ದಾಸಾಚಾರ್ಯ ಇವರೆಲ್ಲ ಅವರ ಸುತ್ತ ಒತ್ತೊತ್ತಾಗಿ ನೆರೆಯುತ್ತಾರೆ. ಪಾರಿಜಾತಪುರದ ಮಂಜಯ್ಯ ಸ್ವಲ್ಪ ಹೊರಗೆ. ಕಡೆಯ ಭಾಗದಲ್ಲಿ ಆಚಾರ್ಯರ ಬೆನ್ನುಬಿಡದೆ ವಟಗುಟ್ಟುವ ಮಾಲೇರ ಪುಟ್ಟನಿಗೆ ಇಡೀ ನಕ್ಷೆಯ ಅತಿ ದಪ್ಪ ಗೆರೆಗಳಲ್ಲೊಂದು ದಕ್ಕುತ್ತದೆ. ತನ್ನ ಜೊತೆ ನಡೆಯುತ್ತಿರುವವರು ಯಾರೆಂಬುದೇ ಅವನಿಗೆ ಬಹುಹೊತ್ತು ತಿಳಿಯದು. ಮಾತಿನ ಪ್ರಮಾಣಕ್ಕೂ ತಿಳಿವಳಿಕೆಯ ಪ್ರಮಾಣಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಪುಟ್ಟನೊಬ್ಬನೇ ಸಾಕಷ್ಟು ಸಾಕ್ಷಿ.

ನಾರಣಪ್ಪ? ಕಥೆ ಮೊದಲಾಗುವಾಗಲೇ ಆತ ಸತ್ತಿದ್ದಾನೆ. ನೆನಪಿನಲ್ಲಿ ಬರುವ ಮಾತುಗಳನ್ನು ಬಿಟ್ಟರೆ ಅವನಿಗೆ ಗೆರೆಯೇ ಇಲ್ಲ. ದೂರ್ವಾಸಪುರದ ಮಾತೆಲ್ಲ ಅವನನ್ನು ಕುರಿತದ್ದು. ನಕ್ಷೆ ಮಾತ್ರ ಅವನನ್ನು ಅಂಚಿಗೆ ಸರಿಸುತ್ತದೆ. ಚಂದ್ರಿಯದು ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ. ಸಾವಿನ ಸುದ್ದಿಯನ್ನು ಆಚಾರ್ಯರ ಬಾಗಿಲಿಗೆ ತಂದವಳು ಅವಳು. ಖರ್ಚಿಗೆಂದು ಒಡವೆ ಬಿಚ್ಚಿಟ್ಟು, ಅಗ್ರಹಾರದ ಆಸೆಯನ್ನೂ ಹೆಂಗಸರ ಒಳಮಾತನ್ನೂ ಕೆದಕಿದವಳು ಅವಳು. ಗಾಡಿಯ ಶೇಷಪ್ಪ ಹೆದರಿ ಹಿಂಜರಿದಾಗ, ಅಹಮದ್ ಬ್ಯಾರಿಯನ್ನು ಕಂಡು ರಾತ್ರೋರಾತ್ರಿ ಶವವನ್ನು ಸುಡಿಸಿದವಳೂ ಅವಳೇ. ಶವ ಮನೆಯೊಳಗೇ ಇದೆಯೆಂದು ನಂಬಿದ ಬ್ರಾಹ್ಮಣರು ಧರ್ಮಸಂಕಟವನ್ನು ಹೊತ್ತು ಊರಿಂದೂರಿಗೆ ಅಲೆಯುತ್ತಾರೆ. ಕಾದಂಬರಿಯ ಎರಡನೆಯ ಅರ್ಧದ ಚರ್ಚೆಯೆಲ್ಲ ಆಗಿಹೋದ ಕೆಲಸವೊಂದನ್ನು ಕುರಿತದ್ದು! ಚಂದ್ರಿ, ಶೇಷಪ್ಪ, ಬ್ಯಾರಿ ಇವರ ನಡುವಿನ ಗೆರೆಗಳು ನಕ್ಷೆಯ ಮೂಲೆಯಲ್ಲಿ, ಕೂದಲೆಳೆಯಂತೆ ತೆಳ್ಳಗಿವೆ. ಅಲ್ಲಿಂದ ಅಗ್ರಹಾರದ ಕಡೆಗೆ ಆ ಸುದ್ದಿ ದಾಟಿಬರುವ ಹಾದಿಯೇ ಇಲ್ಲ. ನಿಜ ಇರುವುದು ಅಲ್ಲಿ.

ಈಗ ‘ಕನ್ಯಾಶುಲ್ಕಂ’. ಅಗ್ನಿಹೋತ್ರಾವಧಾನುಲು ಹಣ ಪಡೆದು ತನ್ನ ಎಳೆಯ ಮಗಳು ಸುಬ್ಬಿಯನ್ನು ಮುದುಕ ಲುಬ್ಧಾವಧಾನುಲುವಿಗೆ ಕೊಡಹೊರಡುತ್ತಾನೆ. ಅದನ್ನು ತಪ್ಪಿಸಲು ಹುಡುಗಿಯ ಸೋದರಮಾವ ಕರಟಕಶಾಸ್ತ್ರಿ ತನ್ನ ಶಿಷ್ಯನಿಗೆ ಹೆಣ್ಣುವೇಷ ಹಾಕಿ ಮುದುಕನಿಗೆ ಮದುವೆ ಮಾಡಿಸುತ್ತಾನೆ. ಶಿಷ್ಯ ಉಪಾಯದಿಂದ ಪಾರಾಗುತ್ತಾನೆ. ಉಳಿದದ್ದು ‘ಕಾಣೆಯಾದ ಮದುವಣಗಿತ್ತಿ’. ಊರು ಸುಮ್ಮನಿರುತ್ತದೆಯೆ? ಮುದುಕನೇ ಕೊಂದನಂತೆ ಎಂಬ ಮಾತು ಹುಟ್ಟಿ, ಪೊಲೀಸರ ಕೈಸೇರಿ, ವಿಶಾಖಪಟ್ಟಣದಲ್ಲಿ ಕೊಲೆಯ ಮೊಕದ್ದಮೆಯಾಗುತ್ತದೆ. ಎಂದೂ ಇಲ್ಲದ ಹೆಣ್ಣೊಬ್ಬಳ ಕೊಲೆ!

ಎರಡನ್ನೂ ಜೊತೆಗಿಟ್ಟು ನೋಡಬೇಕು. ಒಂದು ಕಡೆ ಇಲ್ಲದ ಶವದ ಸುತ್ತ ಸುತ್ತುವ ಅಗ್ರಹಾರ. ಇನ್ನೊಂದು ಕಡೆ ಇಲ್ಲದ ವಧುವಿನ ಸುತ್ತ ಸುತ್ತುವ ನ್ಯಾಯಾಲಯ. ಎರಡರಲ್ಲೂ ನಿಜವನ್ನು ಬಲ್ಲವಳು ಊರು ಕೀಳಾಗಿ ಕಾಣುವ ವೇಶ್ಯೆ. ಮಧುರವಾಣಿ ಆ ವೇಷದ ಮದುವೆಗೆ ನೆರವಾದವಳು. ಗಿರೀಶನನ್ನೂ ರಾಮಪ್ಪಂತುಲುವನ್ನೂ ಒಳಗಿನಿಂದ ಬಲ್ಲವಳು. ಪಟ್ಟಣದಿಂದ ಅಗ್ರಹಾರಕ್ಕೆ, ಅಲ್ಲಿಂದ ವಿಶಾಖಪಟ್ಟಣಕ್ಕೆ ಸಂಚರಿಸಿದವಳು. ಜಾಲಶಾಸ್ತ್ರದಲ್ಲಿ, ಉಳಿದವರ ನಡುವಿನ ಹತ್ತಿರದ ಹಾದಿಗಳು ಎಷ್ಟು ಸಲ ಒಂದು ಬಿಂದುವನ್ನು ಹಾದುಹೋಗುತ್ತವೆ ಎಂಬುದಕ್ಕೊಂದು ಅಳತೆಯಿದೆ. ಲಿಂಟನ್ ಫ್ರೀಮನ್ 1977ರಲ್ಲಿ ಅದನ್ನು ರೂಪಿಸಿದರು. ನಾನು ಕಾಗದದ ಮೇಲೆ ಬರೆದುನೋಡಿದಂತೆ, ಆ ಅಳತೆ ಮಧುರವಾಣಿಗೆ ನ್ಯಾಯ ಸಲ್ಲಿಸುತ್ತದೆ. ಅವಳನ್ನು ಅಳಿಸಿದರೆ ಮೂರು ಊರುಗಳು ಬೇರೆಬೇರೆಯಾಗಿ ಬೀಳುತ್ತವೆ. ಈ ಮಟ್ಟಿಗೆ ವಿಧಾನ ಗೆದ್ದಿದೆಯೆಂದು ಒಪ್ಪಬೇಕು. ಸಾಮಾನ್ಯ ಓದುಗ ಗಿರೀಶನ ವಾಚಾಳಿತನಕ್ಕೆ ಮರುಳಾಗಿ ಅವನನ್ನೇ ನಡುವೆ ಕೂರಿಸಿಬಿಡುತ್ತಾನೆ. ನಕ್ಷೆ ಹಾಗೆ ಮರುಳಾಗುವುದಿಲ್ಲ.

ಅದೇ ಅಳತೆ ಚಂದ್ರಿಯನ್ನು ಕಾಣದು. ಮಧುರವಾಣಿ ಮಾತಾಡುತ್ತಾಳೆ, ಚಂದ್ರಿ ಮಾತಾಡುವುದಿಲ್ಲ ಎಂಬುದೇ ಇದಕ್ಕೆ ಕಾರಣ. ವೇಶ್ಯೆಯರ ಮುಖ ನೋಡಲೊಲ್ಲದ ವಕೀಲ ಸೌಜನ್ಯರಾವ್ ಅವರ ಬಳಿಗೆ ಮಧುರವಾಣಿ ಗಂಡುವೇಷದಲ್ಲಿ ಹೋಗುತ್ತಾಳೆ. ಸಮಾಜ ನಿಷೇಧಿಸಿದ ಗೆರೆಯೊಂದನ್ನು ವೇಷದಿಂದ ಎಳೆಯುತ್ತಾಳೆ. ಚಂದ್ರಿಗೆ ಅಂಥ ವೇಷವಿಲ್ಲ. ಅವಳು ಯಾರಿಗೂ ಹೇಳದೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಯಾರು ಯಾರೊಡನೆ ಮಾತಾಡಬಹುದು ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿದ ಊರಿನಲ್ಲಿ, ಆಡಿದ ಮಾತನ್ನು ಮಾತ್ರ ಎಣಿಸುವ ನಕ್ಷೆ ಆ ತೀರ್ಮಾನವನ್ನೇ ಗಣಿತದ ಮೊಹರು ಹಾಕಿ ನಮಗೆ ಹಿಂತಿರುಗಿಸುತ್ತದೆ. ಬೆಳ್ಳಿಯ ಕೇರಿಯಲ್ಲಿ ಜನ ಸಾಯುತ್ತಿರುವುದು ಅಗ್ರಹಾರಕ್ಕೆ ಸುದ್ದಿಯಾಗದಂತೆ, ನಮ್ಮ ನಕ್ಷೆಗೂ ಅದು ಸುದ್ದಿಯಾಗದೆ ಹೋಗುತ್ತದೆ. ಈ ವಿಧಾನದ ಬಗೆಗೆ ನನ್ನ ಮುಖ್ಯ ತಕರಾರು ಇದು.

ಪರಿಹಾರವೂ ನಮ್ಮ ಭಾಷೆಯೊಳಗೇ ಇದೆಯೆಂದು ನನ್ನ ಗ್ರಹಿಕೆ. ಇಂಗ್ಲಿಷ್ ಕಾದಂಬರಿಗೆ ಉದ್ಧರಣ ಚಿಹ್ನೆಯೇ ಗತಿ. ಕನ್ನಡದಲ್ಲಿ ಕೇಳಿದ ಮಾತಿಗೆ ವ್ಯಾಕರಣವೇ ಗುರುತು ಹಾಕಿಕೊಟ್ಟಿದೆ: ‘ಬಂದ’ ಎಂಬುದು ಕಂಡದ್ದು, ‘ಬಂದನಂತೆ’ ಎಂಬುದು ಕೇಳಿದ್ದು. ತೆಲುಗಿನಲ್ಲಿ ಇದೇ ಕೆಲಸವನ್ನು ‘ಅಟ’ ಮಾಡುತ್ತದೆ. ‘ಅಂತೆ’ ಬಂದಲ್ಲೆಲ್ಲ ಹೇಳುವವನಿಂದ ಕೇಳುವವನಿಗೆ ಒಂದು ಬಾಣ, ಯಾರನ್ನು ಕುರಿತು ಮಾತು ಬಂತೋ ಅವನ ಕಡೆಗೆ ಇನ್ನೊಂದು ಬಾಣ ಎಳೆದರೆ ಗಾಳಿಮಾತಿನ ನಕ್ಷೆ ಬೇರೆಯಾಗಿಯೇ ಮೂಡುತ್ತದೆ. ಅಲ್ಲಿ ನಾರಣಪ್ಪ ನಡುವೆ ಬಂದು ಕೂರುತ್ತಾನೆ. ಇಲ್ಲದ ವಧುವಿಗೂ ಒಂದು ಬಿಂದು ಸಿಗುತ್ತದೆ: ಬಾಣಗಳೆಲ್ಲ ಒಳಗೆ ಬರುವ, ಒಂದೂ ಹೊರಗೆ ಹೋಗದ ಬಿಂದು.

ತೊಡಕುಗಳಿಲ್ಲವೆಂದಲ್ಲ. ‘ಹೂವಿನಂತೆ’ ಎಂಬ ಉಪಮೆಯ ‘ಅಂತೆ’ಯನ್ನೂ ‘ಕಾಣುವಂತೆ’ ಎಂಬಲ್ಲಿನ ‘ಅಂತೆ’ಯನ್ನೂ ‘ಬಂದನಂತೆ’ಯಿಂದ ಬೇರ್ಪಡಿಸಲು ಬರಿಯ ಅಕ್ಷರಗಳನ್ನು ಹುಡುಕುವ ಗಣಕಯಂತ್ರಕ್ಕೆ ಆಗದು. ಇದಕ್ಕಿಂತ ದೊಡ್ಡ ತೊಡಕು ಗೌರವದ ಬಹುವಚನ. ‘ಎಂದನು’, ‘ಎಂದಳು’ ಎಂಬಲ್ಲಿ ಕ್ರಿಯಾಪದವೇ ಆಡಿದವರ ಲಿಂಗವನ್ನು ಹೇಳಿಬಿಡುತ್ತದೆ. ಇಂಗ್ಲಿಷಿಗೆ ಇಲ್ಲದ ಅನುಕೂಲ ಅದು. ‘ಎಂದರು’ ಎಂದಾಗಲೋ? ಅದು ಆಚಾರ್ಯರೊಬ್ಬರ ಮಾತೂ ಹೌದು, ಊರ ಹತ್ತು ಜನರ ಮಾತೂ ಹೌದು. ಮನೆಯೊಡೆಯನ ಹೆಸರು ಹೇಳದ ಗೃಹಿಣಿಯ ‘ಇವರು’, ‘ನಮ್ಮನೆಯವರು’ ಯಾವ ಬಿಂದುವಿಗೆ ಸೇರಬೇಕೆಂಬುದನ್ನು ಮನೆಯ ಬಳಕೆ ಬಲ್ಲವರೇ ಹೇಳಬೇಕು. ಹಾಗಾಗಿ ಸದ್ಯಕ್ಕೆ ಪೆನ್ಸಿಲ್ ಹಿಡಿದು ಓದುವ ವಿದ್ಯಾರ್ಥಿಯೇ ಈ ಕೆಲಸಕ್ಕೆ ಹೆಚ್ಚು ತಕ್ಕವನು.

‘ಅಂತೆ’ಯೂ ಹಿಡಿಯಲಾರದ ಮಾತುಗಳಿವೆ. ವಿಶಾಖಪಟ್ಟಣದಲ್ಲಿ ವಕೀಲರಾಗಿದ್ದ ರಾಚಕೊಂಡ ವಿಶ್ವನಾಥಶಾಸ್ತ್ರಿಯವರ 1950ರ ದಶಕದ ‘ಅಲ್ಪಜೀವಿ’ಯ ಸುಬ್ಬಯ್ಯ ಎದೆಗುಂದಿದ ಮನುಷ್ಯ. ಪ್ರಜ್ಞಾಪ್ರವಾಹದ ತಂತ್ರದಲ್ಲಿ ಬರೆದ ಆ ಕಾದಂಬರಿಯಲ್ಲಿ ಮಾತಿನ ಬಹುಭಾಗ ಅವನ ತಲೆಯೊಳಗೇ ನಡೆಯುತ್ತದೆ. ಇತರರು ತನ್ನನ್ನು ಏನೆಂದುಕೊಂಡಾರು ಎಂಬ ಅಳುಕೂ ಒಂದು ಬಗೆಯ ಗಾಳಿಮಾತೇ. ಅದನ್ನು ಹೇಳುವವನೂ ಕೇಳುವವನೂ ಗುರಿಯಾದವನೂ ಒಬ್ಬನೇ. ಮೂರು ಬಿಂದುಗಳು ಒಂದರಲ್ಲೇ ಕೂಡಿಕೊಂಡ ಇಲ್ಲಿ ನಕ್ಷೆ ಕೈಚೆಲ್ಲುತ್ತದೆ.

ವಿಜಯವಾಡದಲ್ಲಿ ಬಹುಕಾಲ ನೆಲಸಿದ್ದ ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’ ಒಡ್ಡುವ ಸಮಸ್ಯೆ ಇನ್ನೊಂದು ಬಗೆಯದು. ಆಂಧ್ರ ವಿಶ್ವವಿದ್ಯಾಲಯದ 1934ರ ಬಹುಮಾನವನ್ನು ಅಡವಿ ಬಾಪಿರಾಜು ಅವರ ‘ನಾರಾಯಣರಾವು’ ಕಾದಂಬರಿಯೊಡನೆ ಹಂಚಿಕೊಂಡ ಈ ಬೃಹತ್ ಕೃತಿಯಲ್ಲಿ ಸುಬ್ಬನ್ನಪೇಟೆಯೆಂಬ ಊರೇ ಒಂದು ಪಾತ್ರ. ಅಲ್ಲಿನ ಗಣಾಚಾರಿಯ ಬಾಯಿಂದ ದೈವ ನುಡಿದಾಗ ಮಾತನ್ನು ಯಾರ ಬಿಂದುವಿಗೆ ಕಟ್ಟಬೇಕು? ಹೆಣ್ಣಿನದಕ್ಕೋ, ದೈವದ್ದಕ್ಕೋ? ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಇಂಥ ಪ್ರಶ್ನೆ ಅಪರಿಚಿತವಲ್ಲ. ಅಲ್ಲಿಯೂ ಒಬ್ಬ ನಾಯಕನಿಲ್ಲ. ಸುದ್ದಿ ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಕಾಡುಹಾದಿಯಲ್ಲಿ ನಡೆದುಕೊಂಡೇ ಹೋಗಬೇಕು, ಹೋಗುವಷ್ಟರಲ್ಲಿ ಬದಲಾಗಿರುತ್ತದೆ. ನನಗೆ ತೋರುವಂತೆ ‘ಅಂತೆ’ಯ ನಕ್ಷೆಗೆ ಕನ್ನಡದಲ್ಲಿ ಅತ್ಯಂತ ಫಲವತ್ತಾದ ನೆಲ ಅದೇ. ಅದರ ಜೊತೆಗೆ, ಊರ ಮಾತನ್ನೇ ಕಥೆಯ ಉಸಿರಾಗಿಸಿಕೊಂಡ ರಾವಬಹಾದ್ದೂರರ ‘ಗ್ರಾಮಾಯಣ’. ಇವೆರಡರಲ್ಲಿ ಒಂದನ್ನು ತೆಗೆದುಕೊಂಡು, ಅಧ್ಯಾಯ ಅಧ್ಯಾಯವಾಗಿ ಯಾವ ಸುದ್ದಿ ಯಾರಿಂದ ಹೊರಟು ಯಾರಲ್ಲಿ ನಿಂತಿತೆಂದು ಗುರುತಿಸುವ ಕೆಲಸಕ್ಕೆ ಸಂಶೋಧನ ವಿದ್ಯಾರ್ಥಿಗಳು ತೊಡಗಬಹುದು. ತೊಡಗುವವರು, ಮಾತಾಡದವರಿಗಾಗಿ ಹಾಳೆಯಲ್ಲಿ ಮೊದಲೇ ಒಂದಿಷ್ಟು ಜಾಗ ಬಿಟ್ಟುಕೊಂಡಿರಬೇಕು.