ಕಾಯಿಲೆಗೂ ದಣಿ ಬೇಕೆ?

ಗುತ್ತಿಗೆ ಕೆಲಸಗಾರರಿಗೆಲ್ಲ ಮಾಲೀಕರೇ ಆರೋಗ್ಯ ವಿಮೆ ಮಾಡಿಸಲಿ ಎಂಬ ಬೇಡಿಕೆಯನ್ನು ನಮ್ಮ ಗೆಳೆಯರೇ ಅಲ್ಲಲ್ಲಿ ಎತ್ತುತ್ತಿದ್ದಾರೆ. ಯಾರಿಗಾಗಿ ಮೈ ಸವೆಯಿತೋ ಅವನೇ ಔಷಧಿಯ ದುಡ್ಡು ಕೊಡಲಿ, ತಪ್ಪೇನು ಅಂತಾರೆ. ಕೇಳಲಿಕ್ಕೆ ನ್ಯಾಯವಾಗೇ ಇದೆ.

ಆದರೆ ಜೀತದ ಮನೆಯಲ್ಲೂ ಇಂಥದೊಂದು ವಿಮೆ ಇತ್ತು ಸ್ವಾಮಿ. ಆಳಿಗೆ ಜ್ವರ ಬಂದರೆ ಗೌಡರ ಮನೆಯಿಂದ ಕಷಾಯ ಬರುತ್ತಿತ್ತು. ಎತ್ತಿಗೆ ಕಾಯಿಲೆಯಾದರೂ ಮದ್ದು ಅರೆಯುತ್ತಿದ್ದರು. ಎರಡಕ್ಕೂ ಕಾರಣ ಒಂದೇ, ನಾಳೆ ನೇಗಿಲು ನಿಲ್ಲಬಾರದು. ಆಳು ಇನ್ನು ಏಳೋದಿಲ್ಲ ಅಂತ ಗೊತ್ತಾದ ದಿನ ಕಷಾಯ ನಿಲ್ಲುತ್ತಿತ್ತು. ಸಾಲ ಮಾತ್ರ ಮಗನ ತಲೆಗೆ ಬರುತ್ತಿತ್ತು. ಇವತ್ತು ಕಾಯಿಲೆ ಬಿದ್ದವನ ಕೆಲಸ ಹೋಗುತ್ತೆ, ಕೆಲಸದ ಹಿಂದೆಯೇ ಕಾರ್ಡೂ ಹೋಗುತ್ತೆ. ಔಷಧಿ ಹೆಚ್ಚು ಬೇಕಾಗಿರೋದು ಆವಾಗಲೇ.

1948ರ ನೌಕರರ ರಾಜ್ಯ ವಿಮಾ ಕಾಯ್ದೆಯನ್ನು, ಎಲ್ಲರ ಬಾಯಲ್ಲಿರುವ ಆ ಇ.ಎಸ್.ಐ.ಯನ್ನು, ಒಮ್ಮೆ ಪದ್ಯ ಓದುವ ಹಾಗೆ ಕೂತು ಓದಿ. ಏನು ಹೇಳಿದೆ ಅನ್ನೋದರ ಜೊತೆಗೆ ಏನು ಬಿಟ್ಟಿದೆ ಅಂತಲೂ ನೋಡಿ. ಮೊದಲು ಇಪ್ಪತ್ತು ಜನ ದುಡಿಯುವ ಕಾರ್ಖಾನೆಗೆ ಅಂದರು. ಆಮೇಲಿನ ತಿದ್ದುಪಡಿಗಳಲ್ಲಿ ಅದು ಹತ್ತಾಯಿತು. ಒಂಬತ್ತು ಜನರಿದ್ದರೆ ಕಾಯಿಲೆ ಬರುವುದಿಲ್ಲವೇನೋ! ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟರು. ಯಾವುವು ಅವು? ಹತ್ತಿ ಜಿನ್ನಿಂಗು, ಶೇಂಗಾ ಸುಲಿಯುವುದು, ಕಾಫಿ, ಟೀ, ಸಕ್ಕರೆ, ಬೆಲ್ಲ. ಅಲ್ಲೆಲ್ಲ ಯಾರ ಕೈ ದುಡಿಯುತ್ತೆ ಅಂತ ರಾಯಚೂರು, ಮಂಡ್ಯ, ಮೂಡಿಗೆರೆಯ ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ. ಹೊಲದ ಕೂಲಿಯ ಮಾತಂತೂ ಇಲ್ಲವೇ ಇಲ್ಲ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹತ್ತರ ಲೆಕ್ಕ ಅಲ್ಲೂ ಉಳಿಯಿತು, ಋತುಮಾನದವರು ಅಲ್ಲೂ ಹೊರಗೇ ಉಳಿದರು.

ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗಲೇ, 1944ರಲ್ಲಿ, ಈ ಕಾಯ್ದೆಯ ಬೇರಾದ ಅಡಾರ್ಕರ್ ವರದಿ ಬಂತು. ಕಾರ್ಮಿಕನ ಕಾಯಿಲೆಯನ್ನು ಹಣೆಬರಹದಿಂದ ಬಿಡಿಸಿ ಹಕ್ಕಿನ ಸಾಲಿಗೆ ತಂದದ್ದು ಸಣ್ಣ ಕೆಲಸವಲ್ಲ. ಆದರೆ 1946ರ ಭೋರ್ ಸಮಿತಿ ಇನ್ನೂ ದೊಡ್ಡ ಮಾತು ಹೇಳಿತ್ತು: ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಸ್ವತಂತ್ರ ಸರ್ಕಾರ ಗೇಟಿನ ಒಳಗಿನವರ ಮಾತನ್ನು ಕಾಯ್ದೆ ಮಾಡಿತು. ಎಲ್ಲರ ಮಾತನ್ನು ಅರೆಹೊಟ್ಟೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಿಟ್ಟಿತು.

ಗೇಟಿನ ಒಳಗಾದರೂ ಏನು ಕಥೆ? ನಮ್ಮ ಚಿಕ್ಕವ್ವ ಬೀದಿ ಗುಡಿಸ್ತಾಳೆ. ತಿಂಗಳು ತಿಂಗಳೂ ಸಂಬಳದಲ್ಲಿ ವಂತಿಗೆ ಹಿಡಿದ ಗುತ್ತಿಗೆದಾರ ಅದನ್ನು ಕಟ್ಟಿರಲಿಲ್ಲ. ಕಾಯಿಲೆ ರಜೆಯ ಭತ್ಯ ಸಿಗಬೇಕಾದರೆ ಆರು ತಿಂಗಳಲ್ಲಿ 78 ದಿನದ ವಂತಿಗೆ ಲೆಕ್ಕದಲ್ಲಿರಬೇಕು. "ನಿಮ್ಮ ಹೆಸರಲ್ಲಿ ದಿನಗಳೇ ಇಲ್ಲಮ್ಮ" ಅಂದರು ಕಿಟಕಿಯಲ್ಲಿ. ಒಂದು ದಿನವೂ ತಪ್ಪದೆ ಊರಿನ ಕಸ ಎತ್ತಿದವಳಿಗೆ ದಿನಗಳಿಲ್ಲವಂತೆ.

ಯೂನಿಯನ್ ಗೆಳೆಯರು ತಿರುಗಿ ಕೇಳುತ್ತಾರೆ: ಹೋರಾಡಿ ಪಡೆದ ಇ.ಎಸ್.ಐ.ಯನ್ನು ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂತೀರಾ? ಅಲ್ಲಿ ಡಾಕ್ಟರಿಲ್ಲ, ಮಾತ್ರೆ ಇಲ್ಲ, ಯಾವ ಕೇರಿ ಅಂತ ತಿಳಿದರೆ ಮುಟ್ಟಿ ನೋಡೋದಿಲ್ಲ. ನಿಜ. ಎಲ್ಲರಿಗೂ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಜಾತಿಯನ್ನು ಯಾರೂ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬರೋದಿಲ್ಲ. ಆದರೂ ಸರ್ಕಾರಿ ಆಸ್ಪತ್ರೆಯ ಮುಂದೆ ಧರಣಿ ಕೂರಬಹುದು, ಇದು ನನ್ನದು ಅಂತ ಜಗಳ ತೆಗೆಯಬಹುದು. ವಿಮಾ ಕಂಪನಿಯ ಷರತ್ತಿನ ಹಾಳೆಯ ಮುಂದೆ ಎಲ್ಲಿ ಕೂರುತ್ತೀರಿ? 2018ರಲ್ಲಿ ಬಂದ ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಬರೆದಿದೆ. ಅದು ಆಸ್ಪತ್ರೆಯಲ್ಲಿ ಮಲಗಿದವನಿಗೆ. ದಿನಾ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಗಲ್ಲ.

ಕಾರ್ಮಿಕರ ಕೂಟದಿಂದ ಎಲ್ಲರ ಆಸ್ಪತ್ರೆಗೆ ದಾರಿ ಇಲ್ಲ ಅಂತಲ್ಲ. ವೇಲ್ಸಿನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ ಕಾರ್ಮಿಕರು ಕೂಲಿಯಲ್ಲಿ ಚೂರು ಚೂರು ಕೂಡಿಸಿ ಡಾಕ್ಟರು, ಔಷಧಿ, ಆಸ್ಪತ್ರೆಗಳ ಏರ್ಪಾಡು ಮಾಡಿಕೊಂಡಿದ್ದರು. ಅದೇ ಊರಿನ ಅನೈರಿನ್ ಬೆವನ್, ತಾನೇ ಗಣಿಗೆ ಇಳಿದು ದುಡಿದವನು, ಆರೋಗ್ಯ ಮಂತ್ರಿಯಾದಾಗ ಅಂಥ ಏರ್ಪಾಡನ್ನು ಇಡೀ ದೇಶಕ್ಕೆ ಹಿಗ್ಗಿಸಿದ. 1948ರ ಜುಲೈ 5ರಿಂದ ಬ್ರಿಟನ್ನಿನಲ್ಲಿ ಯಾರ ಆಳು ನೀನು ಅಂತ ಕೇಳದೆ ಚಿಕಿತ್ಸೆ ಶುರುವಾಯಿತು, ಖರ್ಚು ಬಹುಪಾಲು ತೆರಿಗೆಯಿಂದ. ನಮ್ಮ ಇ.ಎಸ್.ಐ. ಕಾಯ್ದೆಯ ವರ್ಷವೇ ಅದು. ಕಟ್ಟುಹಲ್ಲಿಗೂ ಕನ್ನಡಕಕ್ಕೂ ದುಡ್ಡು ಕೇಳಲು ಹೊರಟಾಗ, 1951ರಲ್ಲಿ, ಅವನು ಮಂತ್ರಿಗಿರಿ ಬಿಸಾಕಿ ಹೊರಬಂದ.

ಆದ್ದರಿಂದ ಗೆಳೆಯರೇ, ಇರುವ ಇ.ಎಸ್.ಐ.ಯನ್ನು ಯಾರೂ ಬಿಡಬೇಕಾಗಿಲ್ಲ. ಹೊಸ ಬೇಡಿಕೆಪಟ್ಟಿಯ ಕರಡಿನಲ್ಲಿ ಮಾತ್ರ "ಮಾಲೀಕರು ವಿಮೆ ಮಾಡಿಸಲಿ" ಎಂಬ ಸಾಲನ್ನು ಹೊಡೆದುಹಾಕಿ. ಆ ದುಡ್ಡನ್ನು ಅವರು ತೆರಿಗೆಯಾಗಿ ಕಟ್ಟಲಿ. ಮುಂದಿನ ಸಭೆಗೆ ಬರುವಾಗ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರ ಹುದ್ದೆ ಖಾಲಿ ಬಿದ್ದಿವೆ ಅಂತ ಬರೆದುಕೊಂಡು ಬನ್ನಿ.