ಹಿಮ್ಮೇಳವಿಲ್ಲದ ರಂಗ

ಬರ್ಕ್ಲಿ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿರುವ ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಒಂದು ಭಾಗ 1919ರಲ್ಲಿ ಉಯಿಲಿನಿಂದ ಬಂದದ್ದು. ಕೊಟ್ಟವರು ಅಲ್ಲಿನ ಇಂಗ್ಲಿಷ್ ಪ್ರಾಧ್ಯಾಪಕ ವಿಲಿಯಂ ಡಾಲಮ್ ಆರ್ಮ್ಸ್. 1903ರಲ್ಲಿ ತೆರೆದ ಅಲ್ಲಿನ ಗ್ರೀಕ್ ಬಯಲು ರಂಗಮಂದಿರಕ್ಕಾಗಿ ದುಡಿದವರು. ರಂಗಾಸಕ್ತರಿಗೆ ಈ ಕಲೆ ಹಿಡಿಸುವುದು ಸಹಜ. ಎಡೊ (ಇಂದಿನ ಟೋಕಿಯೊ) ನಗರದಲ್ಲಿ ಅಚ್ಚಿನ ಚಿತ್ರ ಬೆಳೆದದ್ದರಲ್ಲಿ ಕಬುಕಿ ನಾಟಕಶಾಲೆಗಳ ಪಾಲು ದೊಡ್ಡದು.

ರಂಗಚಿತ್ರಗಳ ಆ ಪರಂಪರೆಯ ಒಂದು ತುದಿಯಲ್ಲಿ ಕಬುಕಿ ನಟರನ್ನು ಚಿತ್ರಿಸಿದ ಶರಾಕು ಇದ್ದಾನೆ. 1794-95ರ ಸುಮಾರು ಹತ್ತು ತಿಂಗಳಲ್ಲಿ ಬೆಳಗಿ ಮರೆಯಾದವನು. ಅವನು ಬಿಡಿಸಿದ ನಟ ಒಟಾನಿ ಒನಿಜಿಯ ಚಿತ್ರದಲ್ಲಿ ಅಭ್ರಕದ ಕಪ್ಪು ಹಿನ್ನೆಲೆಯ ಮುಂದೆ ಎರಡು ಕೈಗಳು ಎದೆಯಿಂದ ಚಿಮ್ಮುತ್ತವೆ. ಅಲ್ಲಿ ಪಾತ್ರವೂ ಕಾಣುತ್ತದೆ, ಪಾತ್ರದೊಳಗೆ ಏದುಸಿರು ಬಿಡುವ ನಟನೂ ಕಾಣುತ್ತಾನೆ.

ಇನ್ನೊಂದು ತುದಿಯಲ್ಲಿ ತ್ಸುಕಿಯೊಕ ಕೋಗ್ಯೊ (1869-1927). 1868ರ ರಾಜಕೀಯ ಪಲ್ಲಟದಲ್ಲಿ ಸಮುರಾಯಿಗಳ ಆಶ್ರಯ ತಪ್ಪಿ ನೊ ನಾಟಕ ನೆಲಕಚ್ಚಿತ್ತು. ಅದು ಮತ್ತೆ ಚೇತರಿಸಿಕೊಂಡ ಕಾಲದಲ್ಲಿ, 1897ರಿಂದ, ಕೋಗ್ಯೊ ನೊ ನಾಟಕದ ಚಿತ್ರಗಳ 'ನೊಗಾಕು ಜುಎ' ಮಾಲೆಯನ್ನು ಹೊರತಂದ. ಅವನ ದೊಡ್ಡ ಗುಣ ಸಂಯಮ. ಹಿನ್ನೆಲೆ ಬಹುಪಾಲು ಖಾಲಿ. ಆ ಬಯಲಿನಲ್ಲಿ ಮುಖವಾಡ, ಬೀಸಣಿಗೆ, ಜರಿಯುಡುಗೆ. ಬಣ್ಣ ಹಚ್ಚದ ಅಚ್ಚನ್ನು ಒತ್ತಿ ಕಾಗದದಲ್ಲೇ ನೇಯ್ಗೆಯ ಉಬ್ಬುತಗ್ಗು ಮೂಡಿಸುವ ಕೌಶಲ ಆ ವೇಷಕ್ಕೆ ತೂಕ ಕೊಡುತ್ತದೆ. ಕೆತ್ತುವವನ, ಮುದ್ರಿಸುವವನ ಕೈಗೂ ಈ ಕೀರ್ತಿಯಲ್ಲಿ ಪಾಲಿದೆ. ಕೆಲವು ಚಿತ್ರಗಳಲ್ಲಿ ನೇಪಥ್ಯವೂ ಇಣುಕುತ್ತದೆ. ನಮ್ಮ ಯಕ್ಷಗಾನದ ಚೌಕಿಯನ್ನು ಬಲ್ಲವರಿಗೆ ಅವು ಆಪ್ತವೆನಿಸುತ್ತವೆ.

ಆದರೂ ನನಗೊಂದು ತಕರಾರಿದೆ. ನೊ ರಂಗದ ಬಯಲು ಬರಿದಲ್ಲ. 'ಆಓಯಿ ನೊ ಉಎ' ನಾಟಕದಲ್ಲಿ ರೋಗಿಯಾದ ಆಓಯಿ ರಂಗಕ್ಕೆ ಬರುವುದೇ ಇಲ್ಲ. ನೆಲದ ಮೇಲೆ ಹಾಸಿದ ಒಂದು ನಿಲುವಂಗಿಯೇ ಅವಳು. ಆ ಬಟ್ಟೆಗೆ ಜೀವ ಬರುವುದು ಮದ್ದಳೆಗಾರರ ಕೂಗಿನಿಂದ, ಮೇಳದ ಹಾಡಿನಿಂದ. ಕೋಗ್ಯೊನ ಎಷ್ಟೋ ಚಿತ್ರಗಳಲ್ಲಿ ಈ ಹಿಮ್ಮೇಳವೇ ಇಲ್ಲ. ಹಾಗಾಗಿ ಅವನ ಮೌನ ಸುಂದರವಾಗುತ್ತದೆ, ನೊ ನಾಟಕದ ಬಿಗಿ ಮಾತ್ರ ಸಡಿಲವಾಗುತ್ತದೆ. ಶರಾಕುವಿನ ಚಿತ್ರದಲ್ಲೂ ವಾದ್ಯಗಾರರಿಲ್ಲ ನಿಜ, ಆದರೆ ಅವನ ರೇಖೆಯೊಳಗೇ ತಾಳವಿದೆ.

ಯಕ್ಷಗಾನವನ್ನು ದಾಖಲಿಸುವ ನಾವು ಇದನ್ನು ಗಮನಿಸಬೇಕು. ಕಿರೀಟ, ಬಣ್ಣ, ಹಾರಿದ ಗಳಿಗೆ ಇವನ್ನಷ್ಟೇ ಸೆರೆಹಿಡಿದು ಭಾಗವತರನ್ನು ಚೌಕಟ್ಟಿನಾಚೆ ಬಿಟ್ಟ ಚಿತ್ರಗಳು ನಮ್ಮಲ್ಲೂ ಹೇರಳ. ವೇಷ ಕುಣಿಯುವುದು ಹಾಡಿಗೆ. ಆ ಸಂಬಂಧವನ್ನು ಕಾಣಿಸದ ಚಿತ್ರ ಎಷ್ಟೇ ನಯವಾಗಿರಲಿ, ಉಡುಪಿನ ದಾಖಲೆಯಾಗುತ್ತದೆಯೇ ಹೊರತು ಆಟದ ದಾಖಲೆಯಾಗುವುದಿಲ್ಲ.