ಬಿಗಿಯುವ ಮುಂಚೆ ಸಡಿಲಿಸುವ ಪಾಠ

ಯೋಗದ ತರಗತಿಯಲ್ಲಿ ಮೂಲಬಂಧ ಎಂದ ಕೂಡಲೇ ಬಹಳಷ್ಟು ಗಂಡಸರು ಪೃಷ್ಠ ಬಿಗಿದು, ಹೊಟ್ಟೆ ಒಳಗೆಳೆದು, ಹಲ್ಲು ಕಚ್ಚಿ, ಉಸಿರು ಹಿಡಿದು ಕೂತುಬಿಡುತ್ತಾರೆ. ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಪದ್ಧತಿಯಲ್ಲಿ ಮೂಲಬಂಧ ಉಸಿರಿನ ಜೊತೆಗೇ ಸಾಗುವ ಸೂಕ್ಷ್ಮ ಕ್ರಿಯೆ. ಕಟಿಯ ತಳದ ಸ್ನಾಯುಗಳನ್ನಷ್ಟೇ ಮೆಲ್ಲಗೆ ಮೇಲೆತ್ತಬೇಕು, ಉಳಿದ ಮೈ ಹಗುರವಾಗಿರಬೇಕು. ಎತ್ತಿದ್ದನ್ನು ಪೂರ್ತಿ ಇಳಿಸಲೂ ಬರಬೇಕು. ಈ ಇಳಿಸುವ ವಿದ್ಯೆ ಕೈತಪ್ಪಿರುವುದಕ್ಕೂ, ಗಂಡಸರು ಹೆಂಡತಿಯೆದುರೂ ವೈದ್ಯರೆದುರೂ ಬಾಯಿಬಿಡಲು ಹಿಂಜರಿಯುವ ಶೀಘ್ರಸ್ಖಲನಕ್ಕೂ ನಂಟಿರಬಹುದು. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಮೊದಲು ಭಯ ಕಳೆಯಬೇಕು. 2005ರಲ್ಲಿ ಪ್ರಕಟವಾದ, ಐದು ದೇಶಗಳ 500 ದಂಪತಿಗಳು ಸ್ಟಾಪ್‌ವಾಚ್ ಹಿಡಿದು ಭಾಗವಹಿಸಿದ ಅಧ್ಯಯನದಲ್ಲಿ ಸಂಭೋಗದ ಮಧ್ಯಮ ಅವಧಿ 5.4 ನಿಮಿಷ. ಅರ್ಧ ಗಂಟೆಯ ಕಟ್ಟುಕತೆಗಳನ್ನು ನಂಬಿ ಕೊರಗುವವರಿಗೆ ಈ ಒಂದು ಅಂಕಿಯೇ ಔಷಧಿ. ವೈದ್ಯರು ಶೀಘ್ರಸ್ಖಲನ ಎನ್ನುವುದು ಮೂರು ಸಂಗತಿಗಳು ಕೂಡಿದಾಗ: ಮೊದಲಿನಿಂದಲೂ ಸುಮಾರು ಒಂದು ನಿಮಿಷದೊಳಗೆ, ಇಲ್ಲವೇ ನಡುವೆ ಶುರುವಾಗಿ ಮೂರು ನಿಮಿಷದೊಳಗೆ ಮುಗಿಯುವುದು; ತಡೆಯಲು ಆಗದಿರುವುದು; ಅದರಿಂದ ಮನಸ್ಸಿಗೆ ನೋವಾಗುವುದು.

ಮುಂದೆ ಜಘನಾಸ್ಥಿಯಿಂದ ಹಿಂದೆ ಬಾಲಮೂಳೆಯವರೆಗೆ ಹಬ್ಬಿ, ಮೂತ್ರಕೋಶವನ್ನೂ ಕರುಳಿನ ಕೊನೆಯನ್ನೂ ಹೊತ್ತಿರುವ ಸ್ನಾಯುಪದರವೇ ಕಟಿತಳ, ಜಿಮ್ಮಿನವರ ಬಾಯಲ್ಲಿ ಪೆಲ್ವಿಕ್ ಫ್ಲೋರ್. ಅದಕ್ಕೆ ಅಂಟಿಕೊಂಡಂತೆ ಶಿಶ್ನದ ಬುಡವನ್ನು ಸುತ್ತಿರುವ ಬಲ್ಬೋಸ್ಪಾಂಜಿಯೋಸಸ್ ಎಂಬ ಸ್ನಾಯು ಲಯಬದ್ಧವಾಗಿ ಸಂಕುಚಿಸಿದಾಗಲೇ ವೀರ್ಯ ಹೊರಚಿಮ್ಮುವುದು. ಸುಖ ಏರುತ್ತಿದ್ದಂತೆ ತೊಡೆ, ಪೃಷ್ಠ, ಕಿಬ್ಬೊಟ್ಟೆ ತಾವಾಗಿಯೇ ಬಿಗಿಯುತ್ತವೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಇಡೀ ದಿನ ಬಿಗಿದೇ ಇದ್ದ ಕಟಿತಳಕ್ಕೆ ಅಲ್ಲಿಂದ ಕೊನೆಯ ಸಂಕೋಚನಕ್ಕೆ ದೂರ ಬಹಳವಿರಲಿಕ್ಕಿಲ್ಲ. ಹತ್ತಿರ ಬಂದೆನೆಂಬ ಸೂಚನೆಯೂ ಆ ಬಿಗಿತದಲ್ಲಿ ಸ್ಪಷ್ಟವಾಗಿ ತಿಳಿಯುವುದಿಲ್ಲ.

ಅಂತರ್ಜಾಲದಲ್ಲಿ ಎಲ್ಲರೂ ಹೇಳುವ ಮದ್ದು ಕೆಗಲ್ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗಲ್ 1948ರಲ್ಲಿ ಅದನ್ನು ಮುಂದಿಟ್ಟದ್ದು ಹೆರಿಗೆಯ ನಂತರ ಸ್ನಾಯು ಸೋತ ಹೆಂಗಸರಿಗಾಗಿ. ಗಂಡಸರಿಗೂ ಅದರಿಂದ ಲಾಭವುಂಟು. 2014ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಮೊದಲಿನಿಂದಲೂ ಶೀಘ್ರಸ್ಖಲನವಿದ್ದ 40 ಮಂದಿ 12 ವಾರ ಕಟಿತಳದ ತರಬೇತಿ ಪಡೆದರು. 33 ಮಂದಿಗೆ ಹಿಡಿತ ಸಿಕ್ಕಿತು. ಅಧ್ಯಯನ ಚಿಕ್ಕದು, ತರಬೇತಿಯಿಲ್ಲದ ಇನ್ನೊಂದು ಗುಂಪಿನ ಹೋಲಿಕೆ ಅದರಲ್ಲಿರಲಿಲ್ಲ. ಆದರೂ ಒಂದು ಮಾತು ಗಮನಿಸಬೇಕು: ಅವರು ಕಲಿತದ್ದು ತಜ್ಞರ ಕಣ್ಣೆದುರು, ಸ್ನಾಯುವನ್ನು ಗುರುತಿಸುವುದರಿಂದ ಶುರುಮಾಡಿ. ವಿಡಿಯೋ ನೋಡಿಕೊಂಡು ದಿನಕ್ಕೆ ನೂರು ಸಲ ಬಿಗಿಯುವುದು ಬೇರೆಯೇ ಕತೆ. ಮುಷ್ಟಿ ಕಟ್ಟಿಯೇ ಇರುವ ಕೈಗೆ ಇನ್ನಷ್ಟು ಮುಷ್ಟಿ ಕಟ್ಟು ಎಂದರೆ ಅದು ಏನನ್ನೂ ಹಿಡಿಯಲಾರದು. ಮೂತ್ರ ಶುರುವಾಗಲು ತಡವಾಗುವುದು, ಮಲವಿಸರ್ಜನೆಗೆ ತಿಣುಕುವುದು, ವೃಷಣ ಮತ್ತು ಗುದದ ನಡುವೆ ನೋವು, ಸ್ಖಲನದ ಬಳಿಕ ಉರಿ ಇದ್ದರೆ ಕಟಿತಳ ದುರ್ಬಲವಲ್ಲ, ಅತಿಯಾಗಿ ಬಿಗಿದಿದೆ ಎಂದು ಮೊದಲು ಅನುಮಾನಿಸಬೇಕು.

ಭಂಗಿಯ ಮಾತು ಬರುವುದು ಇಲ್ಲೇ. ಕುರ್ಚಿಯಲ್ಲಿ ಜಾರಿ ಕೂತಾಗ ಸೊಂಟ ಹಿಂದಕ್ಕೆ ಮಗುಚಿ ಭಾರ ಬಾಲಮೂಳೆಯ ಕಡೆ ಸರಿಯುತ್ತದೆ. ಕಟಿತಳದ ಎರಡು ತುದಿಗಳ ನಡುವಿನ ಅಂತರವೇ ಬದಲಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಎದೆಯುಬ್ಬಿಸಿ ಹೊಟ್ಟೆ ಒಳಗೆಳೆದುಕೊಂಡು ಓಡಾಡುವ ಚಾಳಿ. ಕಿಬ್ಬೊಟ್ಟೆಯ ಒಳಪದರ ಬಿಗಿದಾಗ ಕಟಿತಳವೂ ಜೊತೆಗೆ ಬಿಗಿಯುತ್ತದೆ. ಉಸಿರೆಳೆದಾಗ ವಪೆ ಕೆಳಗಿಳಿಯಬೇಕು, ಅದರೊಂದಿಗೆ ಕಟಿತಳವೂ ತುಸು ಇಳಿಯಬೇಕು. ಹೊಟ್ಟೆಗೆ ಬೀಗ ಹಾಕಿದವನಲ್ಲಿ ಎರಡೂ ಸರಿಯಾಗಿ ಇಳಿಯುವುದಿಲ್ಲ. ಆದರೆ ಬೆನ್ನು ನೆಟ್ಟಗಾದ ಮಾತ್ರಕ್ಕೆ ಶೀಘ್ರಸ್ಖಲನ ಮಾಯವಾಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಆತಂಕ, ಮಿದುಳಿನ ಸೆರೊಟೋನಿನ್, ಪ್ರಾಸ್ಟೇಟ್ ಉರಿಯೂತ, ಥೈರಾಯ್ಡ್ ಎಲ್ಲಕ್ಕೂ ಇದರಲ್ಲಿ ಪಾಲಿರಬಹುದು. ಭಂಗಿ ನಮ್ಮ ಕೈಯಲ್ಲಿರುವ ಒಂದು ಎಳೆ, ಅಷ್ಟೇ.

ಅಭ್ಯಾಸಕ್ಕೆ ನಾನು ಮೊದಲು ಹೇಳುವುದು ಸುಪ್ತ ಬದ್ಧಕೋನಾಸನ. 1934ರಲ್ಲಿ ಮೈಸೂರಿಗೆ ಬಂದು ಟಿ. ಕೃಷ್ಣಮಾಚಾರ್ಯರಲ್ಲಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ದಿಂಬು, ಕಂಬಳಿ, ಪಟ್ಟಿಗಳನ್ನು ಆಸನದ ಅಂಗವಾಗಿಸಿ ಮಹೋಪಕಾರ ಮಾಡಿದ್ದಾರೆ. ಬೆನ್ನಿಗೆ ಉದ್ದದಿಂಬು, ಎರಡೂ ತೊಡೆಗಳ ಕೆಳಗೆ ಮಡಿಸಿದ ಕಂಬಳಿ ಇಟ್ಟು, ಪಾದ ಜೋಡಿಸಿ ಮಲಗಿ. ಕೆಳಹೊಟ್ಟೆಯ ಮೇಲೆ ಕೈಯಿರಲಿ. ಉಸಿರು ಒಳಬಂದಾಗ ಕೂತಾಗ ಭಾರ ಹೊರುವ ಎರಡು ಮೂಳೆಗಳ ನಡುವಿನ ಜಾಗ ಅಗಲವಾಗುವುದನ್ನು ಗಮನಿಸಿ, ತಿಣುಕಬೇಡಿ. ಐದು ನಿಮಿಷ ಸಾಕು. ಬಾಲಾಸನವನ್ನೂ, ಮಂಡಿ ಒಪ್ಪಿದರೆ ಹಿಮ್ಮಡಿಗೆ ಆಸರೆಯಿಟ್ಟ ಮಾಲಾಸನವನ್ನೂ ಸೇರಿಸಿಕೊಳ್ಳಿ. ಸಡಿಲಿಕೆ ಅರಿವಿಗೆ ಬಂದ ಮೇಲೆಯೇ ಎತ್ತುವ ಅಭ್ಯಾಸ: ಉಸಿರು ಬಿಡುತ್ತಾ ಅಪಾನವಾಯು ತಡೆಯುವಂತೆ ಅರ್ಧ ಬಲದಲ್ಲಿ ಎತ್ತಿ, ಮೂರು ಎಣಿಸಿ, ಅದರ ಎರಡರಷ್ಟು ಹೊತ್ತು ಇಳಿಸಿ. ನೋವಿದ್ದವರು ಎತ್ತುವ ಭಾಗವನ್ನು ಬಿಟ್ಟುಬಿಡಿ. ಪ್ರಯತ್ನ ಸಡಿಲಾದಾಗಲೇ ಆಸನ ಸಿದ್ಧಿಸುತ್ತದೆ ಎಂಬ ಪತಂಜಲಿಯ ಮಾತಿಗೆ ದೇಹದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಕಲಿತದ್ದು ಹಾಸಿಗೆಯಲ್ಲೂ ಜೊತೆಗಿರಬೇಕು. ಒಳಗಿನ ಒತ್ತಡ ಏರುತ್ತಿದೆ ಎನಿಸಿದಾಗ ತಡೆಯಲು ಬಿಗಿಯುವುದು ಸಹಜ. ಅದರ ಬದಲು ಚಲನೆ ನಿಧಾನಿಸಿ, ಪೃಷ್ಠ ಮತ್ತು ದವಡೆ ಸಡಿಲಿಸಿ, ಉಸಿರನ್ನು ಹೊಟ್ಟೆಗಿಳಿಸಿ. 1956ರಲ್ಲಿ ವೈದ್ಯ ಜೇಮ್ಸ್ ಸೀಮನ್ಸ್ ಹೇಳಿಕೊಟ್ಟ ನಿಲ್ಲಿಸಿ ಮುಂದುವರಿಸುವ ಕ್ರಮಕ್ಕೆ ಈ ಸಡಿಲಿಕೆ ಒಳ್ಳೆಯ ಜೊತೆ. ಸಂಗಾತಿಗೆ ಮೊದಲೇ ಹೇಳಿಡಿ. ಗುಟ್ಟಾಗಿ ಮಾಡುವ ಅಭ್ಯಾಸದಲ್ಲಿ ಗುಟ್ಟಿನದೇ ಒಂದು ಬಿಗಿತ ಸೇರಿಕೊಳ್ಳುತ್ತದೆ.

ಇದ್ದಕ್ಕಿದ್ದಂತೆ ಶುರುವಾದ ತೊಂದರೆ, ನಿಮಿರುವಿಕೆಯ ಕೊರತೆ, ನೋವು, ಮೂತ್ರದಲ್ಲಿ ರಕ್ತ ಇದ್ದರೆ ಚಾಪೆ ಮಡಿಸಿಟ್ಟು ಮೂತ್ರರೋಗ ತಜ್ಞರ ಬಳಿ ಹೋಗಿ. ಪರಿಣಾಮಕಾರಿ ಮಾತ್ರೆಗಳಿವೆ, ಕಟಿತಳವನ್ನೇ ಅಭ್ಯಸಿಸಿದ ಫಿಸಿಯೋಥೆರಪಿಸ್ಟರೂ ಇದ್ದಾರೆ. ಗುಪ್ತರೋಗದ ಬೋರ್ಡು ಹಾಕಿದ ಲಾಡ್ಜಿನ ಕೋಣೆಗೆ ಹೋಗಬೇಕಾದ ಅಗತ್ಯ ಯಾರಿಗೂ ಇಲ್ಲ. ಗಂಡಸುತನವೆಂದರೆ ಸದಾ ಬಿಗಿಯಾಗಿರುವುದು ಎಂದು ಚಿಕ್ಕಂದಿನಿಂದ ಕಲಿತ ದೇಹಕ್ಕೆ ಸಡಿಲಾಗುವುದನ್ನು ಕಲಿಸಲು ತಿಂಗಳುಗಳೇ ಬೇಕು. ಆ ತಿಂಗಳುಗಳನ್ನು ನಾಚಿಕೆಯಿಲ್ಲದೆ, ಅವಸರವಿಲ್ಲದೆ ನಿಮ್ಮ ದೇಹಕ್ಕೆ ಕೊಡಿ.